ವದಂತಿ ಮತ್ತು ದಾಕ್ಷಿಣ್ಯ



ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಈ ಗಾದೆಯನ್ನು ಕೇಳಿ ನಗುವ ನಾವೇ ಮೊಬೈಲಿಗೆ ಬಂದ ಸುದ್ದಿಯನ್ನು ವಿಚಾರಿಸದೆ ನಂಬುತ್ತೇವೆ. ಅದನ್ನು ಕಳುಹಿಸಿದವರು ಸೋದರಮಾವನೋ ನೆರೆಯವರೋ ಆಗಿರುತ್ತಾರೆ. ಸುದ್ದಿಯ ಮೂಲ ಕಾಣದು. ತಂದವರ ಮುಖ ಮಾತ್ರ ಪರಿಚಿತ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್‌ಆ್ಯಪ್ ಮೂಲಕ ನಮ್ಮ ದೇಶದ ಹಲವು ರಾಜ್ಯಗಳಲ್ಲಿ ಹಬ್ಬಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವೊಂದು ಅದಕ್ಕೆ ಸಾಕ್ಷಿಯೆನಿಸಿತು. ವಾಸ್ತವವಾಗಿ ಅದು ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಿಸಿದ ಜಾಗೃತಿಚಿತ್ರ. ಮಗುವನ್ನು ಮರಳಿ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

ಆ ವರ್ಷ ಇಂತಹ ವದಂತಿಗಳು ಜೀವಗಳನ್ನೇ ಬಲಿ ತೆಗೆದುಕೊಂಡವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ, ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತಂತ್ರಜ್ಞನೊಬ್ಬ ಗುಂಪಿನ ಕೈಯಲ್ಲಿ ಹತರಾದರು. ಮುರ್ಕಿಯಲ್ಲಿ ಸಂಶಯಕ್ಕೆ ಕಾರಣವಾದದ್ದು ಆ ತಂತ್ರಜ್ಞನ ತಂಡದವರು ಮಕ್ಕಳಿಗೆ ಕೊಟ್ಟ ಚಾಕಲೇಟು.

ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂಬ ಮಿತಿಯನ್ನು ವಾಟ್ಸ್‌ಆ್ಯಪ್ ಸಂಸ್ಥೆ ಅದೇ ಜುಲೈಯಲ್ಲಿ ಭಾರತಕ್ಕೆ ಪ್ರಕಟಿಸಿತು. ಪದೇ ಪದೇ ರವಾನೆಯಾದ ಸಂದೇಶಗಳಿಗೆ 2020ರಲ್ಲಿ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಇದರಿಂದ ವದಂತಿಯ ವೇಗ ತಗ್ಗಬಹುದು. ನಂಬಿಕೆ ತಾನಾಗಿ ಬದಲಾಗದು.

ನಂಬಿಕೆಯನ್ನು ಬದಲಿಸುವುದು ಎಷ್ಟು ಕಠಿನವೆಂಬುದಕ್ಕೆ ತ್ರಿಪುರಾ ಸಾಕ್ಷಿ. ಅಲ್ಲಿನ ವಾರ್ತಾ ಇಲಾಖೆ ವದಂತಿಯನ್ನು ನಂಬಬೇಡಿರೆಂದು ಧ್ವನಿವರ್ಧಕದಲ್ಲಿ ಸಾರಲು ಒಬ್ಬನನ್ನು ನೇಮಿಸಿತ್ತು. 2018ರ ಜೂನ್ 28ರಂದು ಸಬ್ರೂಮ್ ಪ್ರದೇಶದಲ್ಲಿ ಜನ ಅವನನ್ನೇ ಮಕ್ಕಳ ಕಳ್ಳನೆಂದು ಬಗೆದು ಕೊಂದರು. ಅವನು ಹೇಳಿದ್ದು ಸತ್ಯ. ಆದರೆ ಅವನು ಆ ಊರಿಗೆ ಅಪರಿಚಿತ.

ತೆಲಂಗಾಣದ ಗದ್ವಾಲ ಭಾಗದಲ್ಲಿ ಪೊಲೀಸ್ ವರಿಷ್ಠಾಧಿಕಾರಿ ರೆಮಾ ರಾಜೇಶ್ವರಿಯವರು ಬೇರೊಂದು ಹಾದಿ ಹಿಡಿದಿದ್ದರು. ಪೊಲೀಸರಿಗೆ ಹಳ್ಳಿಗಳನ್ನು ಹಂಚಿಕೊಟ್ಟು, ಊರವರೊಡನೆ ಬಳಕೆ ಬೆಳೆಸುವಂತೆ ಮಾಡಿದರು. ಸುಳ್ಳನ್ನು ಬಯಲಿಗೆಳೆಯಲು ತಮಟೆಯನ್ನೂ ಜನಪದ ಹಾಡನ್ನೂ ಬಳಸಿಕೊಂಡರು. ಆ ದಿನಗಳಲ್ಲಿ ಅಲ್ಲಿ ವದಂತಿಗೆ ಒಂದು ಜೀವವೂ ಬಲಿಯಾಗಲಿಲ್ಲ.

ಪರಿಚಿತರ ಮೂಲಕ ಬಂದ ಸುಳ್ಳನ್ನು ಪರಿಚಿತರೇ ತಡೆಯಬೇಕು. ಇಲ್ಲಿ ನಮಗೆ ಅಡ್ಡಬರುವುದು ದಾಕ್ಷಿಣ್ಯ. ಹಿರಿಯರು ಕಳುಹಿಸಿದ್ದನ್ನು ಸುಳ್ಳೆನ್ನುವುದು ಹೇಗೆಂದು ಸುಮ್ಮನಿರುತ್ತೇವೆ. ಎಲ್ಲರೆದುರು ಆಡಲಾಗದ ಮಾತನ್ನು ಏಕಾಂತದಲ್ಲಿ, ವಿನಯದಿಂದಲೇ ಆಡಬಹುದಲ್ಲ! “ಮಾವ, ಇದು ನಿಜವಲ್ಲವಂತೆ, ಮುಂದಕ್ಕೆ ಕಳಿಸಬೇಡಿ” ಎಂದರೆ ಮಾವನಿಗೆ ಗಳಿಗೆಯ ಬೇಸರವಾದೀತು. ಎಲ್ಲಿಯೋ ದಾರಿಹೋಕನೊಬ್ಬನ ಪ್ರಾಣ ಉಳಿದೀತು.