ಎರೆಹೊಲದಲ್ಲಿ ಒಂದು ಮಳೆಯ ನಡಿಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಬಗ್ಗೆ ಹಿರಿಯರು ಬಹಳ ಚೆನ್ನಾಗಿ ಮಾತನಾಡಿದ್ದಾರೆ. ನನಗೆ ಸಿಕ್ಕ ಹತ್ತು ನಿಮಿಷದಲ್ಲಿ ಒಂದು ನಡಿಗೆಯ ವಿಷಯ ಹೇಳುತ್ತೇನೆ. ಕೊನೆಗೆ ನಿಮ್ಮ ಮುಂದೆ ಒಂದು ಬೇಡಿಕೆಯನ್ನೂ ಇಡುತ್ತೇನೆ.

ಹೋದ ಶ್ರಾವಣದಲ್ಲಿ ನಾವು ಐದು ಜನ ಗೆಳೆಯರು ಊರಿನಿಂದ ಚಿಕ್ಕಪಡಸಲಗಿ ಬ್ಯಾರೇಜಿನವರೆಗೆ ನಡೆದು ಹೋದೆವು. ಐವರೂ ಈ ಶಾಲೆಯಲ್ಲಿ ಒಂದೇ ತರಗತಿಯವರು. ಒಬ್ಬ ಇಲ್ಲೇ ಕಬ್ಬು ಬೆಳೆಯುತ್ತಾನೆ. ಒಬ್ಬ ಬನಹಟ್ಟಿಯಲ್ಲಿ ನೇಕಾರ. ಒಬ್ಬ ಮುಧೋಳದಲ್ಲಿ ವಿಜ್ಞಾನದ ಮಾಸ್ತರ. ಸೋದರಮಾವನ ಮನೆಯಲ್ಲಿದ್ದು ಓದಿದ ಮತ್ತೊಬ್ಬ ಈಗ ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಕಾರು ತೆಗೆಯೋಣ ಎಂದರೆ ಕಬ್ಬಿನ ಗೆಳೆಯ, "ಎರಿ ದಾರ್ಯಾಗ ಗಾಡಿ ಸಿಕ್ಕೊಂಡ್ರ ಟ್ರ್ಯಾಕ್ಟರ್ ತರಬೇಕಾಗ್ತೈತಿ, ಸುಮ್ನ ನಡೀರಿ" ಎಂದ. ಹತ್ತು ಹೆಜ್ಜೆಗೇ ಚಪ್ಪಲಿಗಳು ಮಣ್ಣು ಮೆತ್ತಿ ಕಲ್ಲಿನಂತೆ ಭಾರವಾದವು. ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದೆವು. "ನಿಮಗ ಮಳಿ ಅಂದ್ರ ಹಬ್ಬ, ನಮಗ ಗಂಜಿ ಹಾಕಿದ ನೂಲು ಒಣಗಂಗಿಲ್ಲ" ಎಂದು ನೇಕಾರ ಗೊಣಗಿದ. ಬೀಳಗಿಯವ, "ನಿಮ್ಮ ನೂಲು ನಾಳೆ ಒಣಗ್ತೈತಿ. ನಮ್ಮ ಹಳೇ ಊರು ಆಲಮಟ್ಟಿ ಹಿನ್ನೀರಾಗೈತಿ, ಅದು ಒಣಗೂದ ಯಾವಾಗ?" ಎಂದ. ನಕ್ಕೆವು, ಆಮೇಲೆ ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ.

ನಮ್ಮ ಭಾಗದಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಒಳಗೇ ಮಳೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಅದು 5,000 ದಾಟುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆದಂಡೆಯ ಊರುಗಳಿಗೆ ನುಗ್ಗಿದ ನೀರು ಬಹುಪಾಲು ಘಟ್ಟದ ಕಡೆಯದು. ಹೀಗೆ ಹೊಳೆಯ ನೀರಿನ ಸುಖವನ್ನೂ ದುಃಖವನ್ನೂ ನಾವು ಕಂಡಿದ್ದೇವೆ. ಆದರೆ ಆ ದಿನ ಕಂಡ ದುಃಖ ಬೇರೆ.

ಗೆಳೆಯನ ಹೊಲದಲ್ಲಿ ಕಾಲಿಟ್ಟರೆ ಹೆಜ್ಜೆಯ ಗುರುತಿನಲ್ಲಿ ನೀರು ಜಿನುಗಿ ತುಂಬುತ್ತಿತ್ತು. ಕಬ್ಬು ಹಳದಿ ಬಣ್ಣಕ್ಕೆ ತಿರುಗಿ ಮೊಣಕಾಲೆತ್ತರಕ್ಕೇ ನಿಂತಿತ್ತು. "ಮಳಿ ನಿಂತ ಮ್ಯಾಲೂ ಎಂಟು ದಿನ ಹಿಂಗ ಇರ್ತೈತಿ, ಬ್ಯಾಸಗ್ಯಾಗ ಬಂದ್ರ ಬೆಳ್ಳಗ ಉಪ್ಪು ಕಾಣ್ತೈತಿ" ಎಂದ. ನಾಲ್ಕು ಎಕರೆಯಲ್ಲಿ ಒಂದೂವರೆ ಎಕರೆ ಸವಳು-ಜವಳಾಗಿದೆ. ಬೆಂಗಳೂರಿನಲ್ಲಿ ಕುಳಿತು ಉಪಗ್ರಹದ ನಕಾಶೆಯಲ್ಲಿ ನಾನು ನೋಡಿದಾಗ ಇದೆಲ್ಲ ಹಸಿರಾಗಿಯೇ ಕಂಡಿತ್ತು.

ಮಾಸ್ತರ ಗೆಳೆಯ ಅಲ್ಲೇ ಪಾಠ ಮಾಡಿದ. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷವಿಡೀ ನೀರು ಹಾಯಿಸಿದರೆ ಅಂತರ್ಜಲ ಮೇಲೇರಿ ಬೇರಿಗೆ ಉಸಿರು ಕಟ್ಟುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ನೀರಿನ ಜೊತೆ ಉಪ್ಪೂ ಏರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮೊದಲು ಹೊಲಗಳ ನಡುವೆ ಹೆಚ್ಚಿನ ನೀರು ಹಳ್ಳಕ್ಕೆ ಹೋಗುವ ದಾರಿ ಇತ್ತು. ಎರಡು ಸಾಲು ಕಬ್ಬು ಹೆಚ್ಚು ಸಿಗಲೆಂದು ಎಷ್ಟೋ ಕಡೆ ಅದನ್ನು ಮುಚ್ಚಲಾಗಿದೆ.

ಗೆಳೆಯ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ನಮ್ಮಪ್ಪ ನೀರಿಲ್ಲಂತ ಅತ್ತ ಹೊಲ ಇದು. ನಾ ನೀರು ಹೆಚ್ಚಾತಂತ ಅಳಾಕತ್ತೀನಿ."

ಮಧ್ಯಾಹ್ನ ಬ್ಯಾರೇಜು ಮುಟ್ಟಿದೆವು. ಕೆಂಪು ನೀರು ತುಂಬಿ ಹರಿಯುತ್ತಿತ್ತು. ಒಂದು ಮರದ ಕೆಳಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಿಚ್ಚಿ ಉಂಡೆವು. ಆ ಬ್ಯಾರೇಜಿನ ಕಥೆ ಇಲ್ಲಿರುವ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಕಟ್ಟಿದ ಶ್ರಮಬಿಂದು ಸಾಗರ ಅದು. ಆಗ ನಾವು ತೊಟ್ಟಿಲ ಕೂಸುಗಳು. ಜನ ಅವರನ್ನು 'ಬ್ಯಾರೇಜ್ ಸಿದ್ದು' ಎಂದೇ ಕರೆದರು, 1991ರಲ್ಲಿ ಲೋಕಸಭೆಗೂ ಕಳಿಸಿದರು.

ಅಲ್ಲಿ ಕುಳಿತಾಗ ನಮಗೆ ಹೊಳೆದದ್ದು ಇಷ್ಟೇ. ನೀರು ತರಲು ನಮ್ಮ ಹಿರಿಯರು ಕೂಡಿದರು. ಹೆಚ್ಚಾದ ನೀರನ್ನು ಹೊರಗೆ ಕಳಿಸಲು ಈಗ ನಾವು ಕೂಡಬೇಕು. ಹನಿ ನೀರಾವರಿಯನ್ನು, ಬೆಳೆ ಬದಲಾವಣೆಯನ್ನು, ರವದಿ ಸುಡದೆ ಮಣ್ಣಿಗೆ ಸೇರಿಸುವುದನ್ನು ಒಬ್ಬ ರೈತ ತನ್ನ ಹೊಲದಲ್ಲಿ ಮಾಡಬಹುದು. ಬಸಿಗಾಲುವೆಯನ್ನು ಒಬ್ಬನೇ ಮಾಡಲಾಗದು. ಅದು ಹತ್ತು ಜನರ ಹೊಲ ದಾಟಿ ಹಳ್ಳ ಸೇರಬೇಕು. ನಡುವೆ ಒಬ್ಬರು ಬೇಡವೆಂದರೂ ಮೇಲಿನವರ ಹೊಲ ಕೆಡುತ್ತದೆ.

ನನ್ನ ಬೇಡಿಕೆ ಇದು. ಪ್ರತಿ ಶ್ರಾವಣದಲ್ಲಿ ಒಂದು ದಿನ, ಮಳೆ ಬಿದ್ದ ಮರುದಿನ, ಒಂಬತ್ತನೇ ತರಗತಿಯ ಮಕ್ಕಳು, ಶಿಕ್ಷಕರು, ರೈತರು, ಹಳೆಯ ವಿದ್ಯಾರ್ಥಿಗಳು ಕೂಡಿ ಹೊಲಗಳಲ್ಲಿ ನಡೆಯೋಣ. ಎಲ್ಲಿ ನೀರು ನಿಂತಿದೆ, ಎಲ್ಲಿ ಹಾದಿ ಮುಚ್ಚಿದೆ ಎಂದು ಮಕ್ಕಳು ಬರೆದುಕೊಳ್ಳಲಿ. ಅದರ ನಕಾಶೆ ಮಾಡಿ ಪ್ರತಿ ವರ್ಷ ಗ್ರಾಮಸಭೆಗೆ ಕೊಡುವ ಕೆಲಸ ನನ್ನದು. ಮೊದಲ ವರ್ಷ ಒಂದೇ ಬಸಿಗಾಲುವೆ ತೆರೆದರೂ ಸಾಕು. ಅದಕ್ಕೆ ಬೇಕಾದ ಡೀಸೆಲ್ ಖರ್ಚನ್ನು ನಾವು ಐವರು ಹೊರುತ್ತೇವೆ. ಹೊಲದ ದಂಡೆಯವರು ಒಪ್ಪಿಗೆ ಕೊಟ್ಟರೆ ಸಾಕು. ಅವರಲ್ಲಿ ಬಹಳಷ್ಟು ಜನ ಈ ಸಭೆಯಲ್ಲೇ ಕುಳಿತಿದ್ದೀರಿ.

ಹಿರಿಯರು ದೊಡ್ಡ ಮನಸ್ಸು ಮಾಡಬೇಕೆಂದು ಕೈಮುಗಿದು ಕೇಳುತ್ತೇನೆ.