ಕರಿ ಐದು ಮತ್ತು ಎ ಶಾರ್ಪ್
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತು ಹೇಳು ಎಂದು ಗುರುಗಳು ಹೇಳಿದ್ದಾರೆ. ಆ ಮಾತಿಗೆ ಗಿಟಾರಿನ ಒಂದು ಪಾಠದ ಮೂಲಕ ಬರುತ್ತೇನೆ.

ನಮ್ಮ ಮುದ್ದೇಬಿಹಾಳ ಭಾಗದ ಭಜನೆಯಲ್ಲಿ ಪೇಟಿ ನುಡಿಸುವವರು ಮೊದಲು ಹಾಡುವವರ ದನಿ ನೋಡುತ್ತಾರೆ. ಬಿಳಿ ಒಂದೋ, ಕರಿ ಎರಡೋ, ಆ ದನಿಗೆ ಹೊಂದುವ ಮನೆ ಹಿಡಿಯುತ್ತಾರೆ. ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಕರಿ ಐದು ಹೊಂದುತ್ತದೆ. ಅದನ್ನೇ ಗಿಟಾರಿನವರು ಎ ಶಾರ್ಪ್ ಎನ್ನುತ್ತಾರೆ. ಕೆಲವು ಪುಸ್ತಕಗಳಲ್ಲಿ ಬಿ ಫ್ಲ್ಯಾಟ್ ಎಂದಿರುತ್ತದೆ. ಹೆಸರು ಮೂರು, ಸ್ವರ ಒಂದೇ.

ಕರಿ ಐದನ್ನು ಷಡ್ಜ ಮಾಡಿಕೊಂಡು ಸ, ಶುದ್ಧ ಗ, ಪ ಈ ಮೂರನ್ನೂ ಒಟ್ಟಿಗೆ ನುಡಿಸಿದರೆ ಅದು ಎ ಶಾರ್ಪ್ ಮೇಜರ್ ಕಾರ್ಡ್. ಪೇಟಿಯಲ್ಲಿ ಇದು ಸುಲಭ. ಗಿಟಾರಿನಲ್ಲಿ ತೋರುಬೆರಳನ್ನು ಮೊದಲ ಮೆಟ್ಟಿಲಿನಲ್ಲಿ ಐದು ತಂತಿಗಳ ಮೇಲೆ ಅಡ್ಡ ಇಡಬೇಕು. ಮೂರನೆಯ ಮೆಟ್ಟಿಲಿನಲ್ಲಿ ಎರಡು, ಮೂರು, ನಾಲ್ಕನೆಯ ತಂತಿಗಳನ್ನು ಉಳಿದ ಮೂರು ಬೆರಳುಗಳಿಂದ ಒತ್ತಬೇಕು. ಆರನೆಯ ದಪ್ಪ ತಂತಿಯನ್ನು ಮೀಟಬಾರದು. ಮೊದಮೊದಲು ಬೆರಳು ನೋಯುತ್ತದೆ, ಸ್ವರ ಮಂಕಾಗುತ್ತದೆ. ದಿನಕ್ಕೆ ಹತ್ತು ನಿಮಿಷದಂತೆ ಕೆಲವು ವಾರ ಬಿಡದೆ ಹಿಡಿದರೆ ಸ್ವರ ತಿಳಿಯಾಗುತ್ತದೆ.

ಒಮ್ಮೆ ಕೈ ಕೂತಮೇಲೆ ಉಳಿದವು ಹತ್ತಿರವೇ ಇವೆ. ಎರಡನೆಯ ತಂತಿಯ ಬೆರಳನ್ನು ಒಂದು ಮೆಟ್ಟಿಲು ಹಿಂದೆ ತಂದರೆ ಗ ಕೋಮಲವಾಗಿ ಮೈನರ್ ಆಗುತ್ತದೆ. ಒಂದು ಮೆಟ್ಟಿಲು ಮುಂದೆ ಇಟ್ಟರೆ ಗ ಹೋಗಿ ಮ ಬಂದು ಸಸ್ ಫೋರ್. ಮೇಜರ್ ಹಿಡಿತದಲ್ಲಿ ಮೂರನೆಯ ತಂತಿಯ ಬೆರಳೊಂದನ್ನೇ ಎತ್ತಿದರೆ ಕೋಮಲ ನಿ ಸೇರಿ ಸೆವೆಂತ್. ಮೇಜರ್ ಹಿಡಿತವನ್ನೇ ಎರಡು ಮೆಟ್ಟಿಲು ಮುಂದೆ ಸರಿಸಿದರೆ ಸಿ ಮೇಜರ್, ಅಂದರೆ ನಮ್ಮ ಬಿಳಿ ಒಂದು.

ಇಷ್ಟು ಕಷ್ಟ ಯಾಕೆ, ಪಕ್ಕದಲ್ಲೇ ಸುಲಭದ ಎ ಮೇಜರ್ ಇದೆಯಲ್ಲ, ಹಾಡುವವರೇ ಅರ್ಧ ಸ್ವರ ಇಳಿಯಲಿ ಎಂದು ಕೇಳುವವರಿದ್ದಾರೆ. ಇಳಿಯಬಹುದು. ಆದರೆ ಹಾಡಿನ ಕೆಳಗಿನ ಸ್ವರಗಳಲ್ಲಿ ಅವರ ದನಿ ಕುಗ್ಗಿದರೆ, ನಮ್ಮ ಬೆರಳಿನ ನೋವು ಅವರ ಗಂಟಲಿಗೆ ಹೋದಂತಾಯಿತು. ವಾದ್ಯ ದನಿಗೆ ಹೊಂದಬೇಕು, ದನಿ ವಾದ್ಯಕ್ಕಲ್ಲ.

ನನ್ನ ಕೆಲಸದಲ್ಲೂ ಇದೇ ಮಾತು. ಇಂಗ್ಲಿಷಿನಲ್ಲಷ್ಟೇ ಪರದೆ ಮಾಡಿಕೊಟ್ಟರೆ ಬರೆಯುವ ನಮಗೆ ಸುಲಭ. ಬಳಸುವ ರೈತನಿಗೆ ಕಷ್ಟ. ಆ ಕಷ್ಟವನ್ನು ನಾವು ಹೊರುವುದೇ ಎಂಜಿನಿಯರಿಂಗ್.

ಈ ಶಾಲೆಯ ಗುರುಗಳು ಐವತ್ತು ವರ್ಷಗಳಿಂದ ಮಾಡಿದ್ದೂ ಅದೇ. ಬೀಜಗಣಿತ ಅರ್ಥವಾಗದ ಹುಡುಗನಿಗೆ ಜೋಳದ ಚೀಲದ ಲೆಕ್ಕದಲ್ಲಿ ಹೇಳಿದರು. ಒಂದೊಂದು ಮಗುವಿನ ದನಿ ನೋಡಿ ಮನೆ ಹಿಡಿದರು.

ವಿದ್ಯಾರ್ಥಿಗಳೇ, ಇಂಗ್ಲಿಷ್ ಹೆಸರು ಕೇಳಿ ಹಿಂಜರಿಯಬೇಡಿ. ಎ ಶಾರ್ಪ್ ಎಂದರೆ ಊರ ಗುಡಿಯ ಪೇಟಿಯ ಕರಿ ಐದು. ಗಿಟಾರ್ ಸಿಗದಿದ್ದರೆ ಪೇಟಿಯ ಮೇಲೆಯೇ ಸ, ಗ, ಪ ಹಿಡಿದು ನೋಡಿ. ಮುಂದೆ ನೀವು ಯಾವ ವಿದ್ಯೆ ಕಲಿತರೂ, ಮೊದಲು ಎದುರಿನವರ ದನಿ ಕೇಳಿರಿ.