ಬಳ್ಳಿಯಿಂದ ಮೂರ್ತಿಯವರೆಗೆ

ಸಾಗರ, ಸೊರಬ, ಶಿರಸಿ, ಕುಮಟಾ ಕಡೆಯಿಂದ ಬಂದಿರುವ ಗುಡಿಗಾರ ಬಂಧುಗಳೆ, ಮೈಸೂರಿನ ಬೀಟೆ ಕೆಲಸದವರೆ, ಈಗಷ್ಟೇ ಉಳಿ ಹಿಡಿದಿರುವ ಹುಡುಗ ಹುಡುಗಿಯರೆ,

ಉಳಿ ಹಿಡಿದು ಬದುಕಿದವನನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದೀರಿ. ಈ ಗೌರವ ನನಗೆ ವಿದ್ಯೆ ಕಲಿಸಿದವರಿಗೆ ಸಲ್ಲಬೇಕು. ಕುಸುರಿ ಕೆತ್ತನೆಗಾರನ ಕಸುಬು ಹೇಗೆ ಬೆಳೆಯುತ್ತದೆ, ಎಲ್ಲಿ ಮುರಿದು ಬೀಳುತ್ತದೆ ಎಂಬುದೊಂದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಗುಡಿಗಾರರ ಮನೆಯಲ್ಲಿ ಮಕ್ಕಳ ಕೈಗೆ ಗಂಧಕ್ಕಿಂತ ಮೊದಲು ಬರುವುದು ಬೆಂಡು. ಮದುವೆ ಕಾಲಕ್ಕೆ ಬಾಸಿಂಗ, ಚೌತಿ ಹತ್ತಿರವಾದಂತೆ ಗಣಪತಿಯ ಮಣ್ಣು. ಬೆಂಡಿನಲ್ಲಿ ಕೈ ಹಗುರಾಗುತ್ತದೆ, ಮಣ್ಣಿನಲ್ಲಿ ಕಣ್ಣು ಅಳತೆ ಕಲಿಯುತ್ತದೆ. ಆಮೇಲೆ ಶಿವನೆಯದೋ ಹಲಸಿನದೋ ಒಂದು ತುಂಡು ಹಲಗೆ. ಅದರ ಮೇಲೆ ಬಳ್ಳಿ.

ಬಳ್ಳಿ ಕೊರೆಯುವುದು ಸುಲಭವೆಂದು ನೋಡಿದವರು ತಿಳಿಯುತ್ತಾರೆ. ಒಂದೇ ಒಂದು ಎಲೆಯನ್ನು ತೆಗೆದುಕೊಳ್ಳಿ. ಪೆನ್ಸಿಲಿನಲ್ಲಿ ಗೆರೆ ಬರೆದು, ಗೆರೆಯ ಹೊರಮಗ್ಗುಲಿಗೆ ಉಳಿಯನ್ನು ನೆಟ್ಟಗೆ ನಿಲ್ಲಿಸಿ, ಕೊಡತಿಯಿಂದ ಮೆಲ್ಲಗೆ ತಟ್ಟಿ ಅಂಚು ಕಡಿಯಬೇಕು. ಸುತ್ತಲಿನ ಮರವನ್ನು ಎಲ್ಲ ಕಡೆಯೂ ಒಂದೇ ಆಳಕ್ಕೆ ಇಳಿಸಬೇಕು. ಎಲೆಯ ಒಂದು ಅಂಚನ್ನು ತಗ್ಗಿಸಿ ಇನ್ನೊಂದನ್ನು ಎತ್ತರದಲ್ಲೇ ಬಿಟ್ಟರೆ ಎಲೆ ಹೊರಳಿದಂತೆ ಕಾಣುತ್ತದೆ. ಮರದ ಎಳೆ ಒಂದೇ ದಿಕ್ಕಿಗೆ ಓಡುತ್ತದೆ, ಬಳ್ಳಿಯೋ ಸುತ್ತಿ ಸುತ್ತಿ ಬರುತ್ತದೆ. ತಿರುವು ತಿರುವಿಗೂ ಉಳಿಯ ದಿಕ್ಕು ಬದಲಿಸದಿದ್ದರೆ ಎಲೆಯ ತುದಿಯೇ ಚಕ್ಕೆಯಾಗಿ ಹಾರಿಹೋಗುತ್ತದೆ. ಎಳೆಗೆ ಎದುರಾಗಿ ಹೋಗುವ ಉಳಿಯ ಸದ್ದೇ ಬೇರೆ. ನನ್ನ ಗುರುಗಳು ತಮ್ಮ ಕೆಲಸದಿಂದ ತಲೆ ಎತ್ತದೆ, ಆ ಸದ್ದು ಕೇಳಿಯೇ “ತಿರುಗ್ಸೋ ತಮ್ಮ” ಅನ್ನುತ್ತಿದ್ದರು.

ಬಳ್ಳಿ ಪಳಗಿದ ಮೇಲೆ ಹಂಸ, ಯಾಳಿ, ಕೀರ್ತಿಮುಖ. ಕಡೆಗೆ ದೇವರ ಮುಖ. ಗಂಧದ ಚೇಗನ್ನು ನಂಬಿ ಕೈಗೆ ಕೊಡುವುದೂ ಆಗಲೇ. ಗಂಧದ ಎಳೆ ಬಲು ಒತ್ತಾದದ್ದು, ದೇವಿಯ ಕೊರಳ ಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಬಹುದು. ಉದುರಿದ ಚೂರು, ಪುಡಿಯನ್ನೂ ಹಿಡಿದಿಡುತ್ತೇವೆ, ಅದಕ್ಕೂ ಬೆಲೆಯಿದೆ.

ಕಸುಬು ಮುರಿಯುವುದು ಬಳ್ಳಿಗೂ ಮುಖಕ್ಕೂ ನಡುವಿನ ವರ್ಷಗಳಲ್ಲಿ. ಹುಡುಗ ಪ್ರಾಯಕ್ಕೆ ಬಂದಿರುತ್ತಾನೆ, ಮನೆಯವರು ಅವನ ಸಂಪಾದನೆಯ ದಾರಿ ನೋಡುತ್ತಿರುತ್ತಾರೆ. ಮೂರ್ತಿಗೆ ಬೆಲೆ ಕಟ್ಟುವುದು ಹಿರಿಯ ಕೆತ್ತನೆಗಾರನ ಹೆಸರಿಗೆ. ಚೌಕಟ್ಟಿನ ಬಳ್ಳಿ ಕೊರೆದವನಿಗೆ ದಿನಗೂಲಿ. ಬೆಂಗಳೂರಿನಲ್ಲಿ ಪ್ಲೈವುಡ್ ಕೊಯ್ದು ಕಪಾಟು ಮಾಡಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಹೋಗುತ್ತಾನೆ. ಅವನನ್ನು ಯಾರೂ ದೂರಬಾರದು.

ಯಂತ್ರದ ಮಾತು ಇಲ್ಲಿಗೇ ಸೇರಿದ್ದು. ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ ನುರಿತವನ ಮೂರ್ತಿಯನ್ನು ಅಷ್ಟಾಗಿ ಮುಟ್ಟಿಲ್ಲ. ಅದು ಕಸಿದುಕೊಂಡದ್ದು ಬಾಗಿಲುವಾಡದ ಪಟ್ಟಿ, ದೇವರ ಮಂಟಪದ ಬಳ್ಳಿಗಳನ್ನು, ಅಂದರೆ ಕಲಿಯುವವನ ಅನ್ನವನ್ನು. ಬಳ್ಳಿ ಕೊರೆಯದವನು ಮುಂದೆ ಮುಖ ಕೆತ್ತಲಾರ.

ಹಿಂದೆ ಈ ನಡುವಿನ ವರ್ಷಗಳಿಗೆ ಆಸರೆ ಇತ್ತು. 1897ರಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು, ಹೊಸ ಅರಮನೆ ಮುಗಿದದ್ದು 1912ರಲ್ಲಿ. ಅಲ್ಲಿನ ಕೆತ್ತನೆಯ ಬಾಗಿಲುಗಳನ್ನು ನೀವೆಲ್ಲ ನೋಡಿದ್ದೀರಿ. ಅದೇ ಕಾಲದಲ್ಲಿ, 1906ರಲ್ಲಿ, ಅದೇ ಊರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಕಲಿಯುವ ಜಾಗವೂ ದುಡಿಯುವ ಜಾಗವೂ ಒಂದೇ ಪೇಟೆಯಲ್ಲಿದ್ದವು. ಇಂದು ತರಬೇತಿ ಕೇಂದ್ರಗಳಿವೆ. ತರಬೇತಿ ಮುಗಿದ ಮರುದಿನಕ್ಕೆ ಕೆಲಸ ಎಲ್ಲಿದೆ?

ಮರದ ವಿಷಯವನ್ನೂ ಹೇಳಲೇಬೇಕು. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ, ರೈತನ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ ಸ್ವತ್ತಾಗಿಯೇ ಉಳಿದಿತ್ತು. 2001ರ ಕಾಯ್ದೆ ತಿದ್ದುಪಡಿಯಿಂದ ಜಮೀನಿನವನಿಗೇ ಮರದ ಹಕ್ಕು ಬಂತು. ಆದರೆ ಚೇಗು ಕಟ್ಟಲು ಹದಿನೈದು ವರ್ಷವಾದರೂ ಬೇಕು, ಅಷ್ಟರಲ್ಲಿ ಕಳ್ಳರ ಗರಗಸ ಬಂದಿರುತ್ತದೆ. ಆದ್ದರಿಂದ ಗಂಧವೊಂದನ್ನೇ ನೆಚ್ಚದೆ ಶಿವನೆ, ಹಲಸು, ತೇಗಗಳಲ್ಲಿ ಕೆತ್ತಿದ್ದಕ್ಕೂ ಒಳ್ಳೆಯ ದರ ಸಿಗುವಂತಾಗಬೇಕು ಎಂಬುದು ನನ್ನ ನಿಲುವು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಸಲಕರಣೆಗೆ 15,000 ರೂಪಾಯಿ, ಶೇಕಡ 5ರ ಬಡ್ಡಿಗೆ ಸಾಲ. ಒಳ್ಳೆಯದೇ. ಬಡಗಿ ಇದ್ದಾನೆ, ಕಲ್ಲು ಕೆತ್ತುವವನಿದ್ದಾನೆ, ಗೊಂಬೆ ಮಾಡುವವನಿದ್ದಾನೆ. ಮರದ ಕುಸುರಿ ಕೆತ್ತನೆಗಾರನಿಗೆ ಬೇರೆ ಹೆಸರಿಲ್ಲ. ಆ ಹೆಸರು ಸೇರಬೇಕು.

ರಥ ಮಾಡಿಸುವ ದೇವಸ್ಥಾನದ ಮೊಕ್ತೇಸರರಲ್ಲಿ, ಹೆಬ್ಬಾಗಿಲು ಮಾಡಿಸುವ ಮನೆ ಯಜಮಾನರಲ್ಲಿ ನನ್ನದೊಂದು ವಿನಂತಿ. ಕರಾರು ಬರೆಯುವಾಗಲೇ ಬಳ್ಳಿಯ ಪಟ್ಟಿಗಳನ್ನು ಕಲಿಯುವವರ ಕೈಯಿಂದಲೇ ಮಾಡಿಸಬೇಕೆಂದು ಬರೆಸಿ. ಕೂಲಿಯನ್ನು ದಿನದ ಲೆಕ್ಕದಲ್ಲಿ ಹಿಡಿಯದೆ ಅಡಿಯ ಲೆಕ್ಕದಲ್ಲಿ ಕೊಡಿ. ಹಿರಿಯ ಕೆತ್ತನೆಗಾರರೆ, ನಿಮ್ಮ ಹೆಸರಿನ ಕೆಳಗೆ ಅವರ ಹೆಸರನ್ನೂ ಕೆತ್ತಿಸಿ. ಈ ಮೂರು ಮಾತುಗಳನ್ನು ಠರಾವಾಗಿ ಸಭೆಯ ಮುಂದಿಟ್ಟಿದ್ದೇನೆ. ಕೈಯೆತ್ತಿ ಒಪ್ಪಿಗೆ ಕೊಡಬೇಕೆಂದು ಕೋರುತ್ತೇನೆ.